ಮಹಾದೇವಿಯ ಅಂಗಡಿಯ ಕೆಂಪು ನಿಲುವಂಗಿ

ಹೆಬ್ಬಗೋಡಿಯಲ್ಲಿ ನಮ್ಮ ಶಾಲೆಯ ಹಿಂದಿನ ಓಣಿಗೆ ಬಂದರೆ ಮೊದಲು ಮೊಬೈಲ್ ರಿಪೇರಿ ಅಂಗಡಿ, ಆಮೇಲೆ ಕೋಳಿ ಅಂಗಡಿ, ಅದರ ಪಕ್ಕದಲ್ಲಿ ಮಹಾದೇವಿಯ ಅಂಗಡಿ. ಮಕ್ಕಳ ವೇಷದ ಬಟ್ಟೆ ಹೊಲಿದು ಬಾಡಿಗೆಗೆ ಕೊಡುವುದು ಅವಳ ಕಸುಬು. ಹುಲಿ, ನವಿಲು, ಪೊಲೀಸ್, ಯುದ್ಧಕ್ಕೆ ಹೊರಟ ರಾಣಿ, ಬದನೆಕಾಯಿ, ಏನು ಕೇಳಿದರೂ ತೆಗೆದು ಕೊಡುತ್ತಾಳೆ. ಸುತ್ತಲಿನ ಶಾಲೆಗಳ ಆನ್ಯುವಲ್ ಡೇ, ರಾಜ್ಯೋತ್ಸವ ಎಲ್ಲ ನಡೆಯುವುದು ಅವಳ ಹೊಲಿಗೆಯ ಮೇಲೆ. ನಾನು ಓಣಿಯ ಮುಂದಿರುವ ಆ ಶಾಲೆಯಲ್ಲಿ ಟೀಚರ್. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕಾಗಿ ಮಕ್ಕಳು ನನಗೆ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮಹಾದೇವಿ ಸಿಂದಗಿ ಕಡೆಯವಳು. ಗಂಡ ಬಸಲಿಂಗ ಹೊಸ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುತ್ತಾನೆ. ಇವಳು ಮೊದಲು ಗಾರ್ಮೆಂಟ್ಸಿನಲ್ಲಿದ್ದಳು. ವರ್ಷಗಟ್ಟಲೆ ಕಾಲರ್ ಮಾತ್ರ ಹೊಲಿದಳಂತೆ. ಆ ಕಾಲರ್ ಕೂರುವ ಅಂಗಿ ಹೇಗಿರುತ್ತದೆ ಎಂದು ನೋಡಲು ಅವಳಿಗೆ ಸಿಕ್ಕಿರಲಿಲ್ಲ. ಬೇಸತ್ತು ಬಿಟ್ಟು ಬಂದವಳು ಮೊಟ್ಟಮೊದಲು ಹೊಲಿದದ್ದು ಕೆಂಪು ಮಖಮಲ್ಲಿನ ಒಂದು ನಿಲುವಂಗಿ. ಅವಳ ಅಪ್ಪ ಕರಿಬಸಪ್ಪ ಊರಿನ ದೊಡ್ಡಾಟದಲ್ಲಿ ರಾಜನ ಪಾತ್ರ ಮಾಡುತ್ತಿದ್ದವನು. ಅವನ ನಿಲುವಂಗಿ ಹೇಗಿತ್ತೆಂದು ನೆನಪು ಮಾಡಿಕೊಂಡು, ಅಷ್ಟೇ ಘೇರು, ಅಷ್ಟೇ ಜರಿ ಇಟ್ಟು ಹೊಲಿದಿದ್ದಳು. ಮೂರು ಮಕ್ಕಳು ಒಟ್ಟಿಗೆ ಒಳಗೆ ಹೊಕ್ಕರೂ ಜಾಗ ಉಳಿಯುತ್ತಿತ್ತು. ಅದನ್ನು ಯಾರಿಗೂ ಬಾಡಿಗೆಗೆ ಕೊಟ್ಟದ್ದಿಲ್ಲ. ಅಂಗಡಿಯ ಬಾಗಿಲ ಎದುರಿಗೇ ಕೊಕ್ಕೆಯಲ್ಲಿ ತೂಗುತ್ತಿತ್ತು. ಬೋರ್ಡು ಓದಲು ಬಾರದವರೂ ಆ ಕೆಂಪು ನೋಡಿ ಅಂಗಡಿ ಗುರುತು ಹಿಡಿಯುತ್ತಿದ್ದರು.

ಅವಳ ಹೊಲಿಗೆಯಲ್ಲಿ ಒಂದು ರೂಢಿ ಇತ್ತು. ಪ್ರತಿ ವೇಷದ ಪಕ್ಕದಲ್ಲೂ ಅಂಚಿನಲ್ಲೂ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದಳು. ಗಾರ್ಮೆಂಟ್ಸಿನವರು ನೋಡಿದ್ದರೆ ಬಟ್ಟೆ ದಂಡ ಮಾಡುತ್ತೀಯಾ ಎಂದು ಬೈಯುತ್ತಿದ್ದರೇನೋ. ಮಕ್ಕಳು ದಪ್ಪ, ಉದ್ದ ಎಲ್ಲ ತರದವರು ಇರುತ್ತಾರೆ. ಹೊಲಿಗೆ ಬಿಚ್ಚಿ ಬಟ್ಟೆ ಬಿಟ್ಟರೆ ಅದೇ ಹುಲಿ ಒಂದನೇ ಕ್ಲಾಸಿಗೂ ಆಗುತ್ತಿತ್ತು, ಮೂರನೇ ಕ್ಲಾಸಿಗೂ ಆಗುತ್ತಿತ್ತು.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿತು. ಊರಿಗೆ ಊರೇ ಮುಖ ಮುಚ್ಚಿಕೊಂಡು ಓಡಾಡುವಾಗ ಮಕ್ಕಳಿಗೆ ವೇಷ ಹಾಕುವವರು ಯಾರು? ಬಸಲಿಂಗನಿಗೂ ಕೆಲಸವಿರಲಿಲ್ಲ. ಅಂಗಡಿಯ ಮಾಲೀಕರಾದ ಚಿಕ್ಕಮುನಿಯಮ್ಮನವರು ಈ ಊರಿನ ಹಳಬರು. ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಅವರೇ ಹಳೇ ಪಂಚೆಗಳ ಗಂಟು ತಂದುಕೊಟ್ಟು ಮಾಸ್ಕ್ ಹೊಲಿ ಎಂದರು. ಎಲಾಸ್ಟಿಕ್ ಎಲ್ಲಿಯೂ ಸಿಗುತ್ತಿರಲಿಲ್ಲ. ಕಟ್ಟಲು ಲಾಡಿ ಬೇಕಲ್ಲ, ಸವೆದ ಪಂಚೆ ಅದಕ್ಕೆ ತಡೆಯುತ್ತಿರಲಿಲ್ಲ. ಮಹಾದೇವಿ ವೇಷಗಳ ಒಳಗೆ ಮಡಚಿಟ್ಟ ಬಟ್ಟೆಯನ್ನು ಒಂದೊಂದಾಗಿ ಕತ್ತರಿಸಿ ಲಾಡಿ ಮಾಡಿದಳು. ನನ್ನ ಮಾಸ್ಕಿಗೆ ಹುಲಿಯ ಹಳದಿ ಲಾಡಿ ಇತ್ತು. ಆ ಮಾಸ್ಕುಗಳಿಂದಲೇ ಅವಳ ಮನೆ ನಡೆಯಿತು. ನಾನು ಶಹಬ್ಬಾಸ್ ಎಂದಿದ್ದೆ.

ಶಾಲೆ ತೆರೆದು, ಕಡೆಗೂ ಆನ್ಯುವಲ್ ಡೇ ನಿಗದಿಯಾಯಿತು. ಎರಡನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ಮಹಾದೇವಿಯ ಅಂಗಡಿಗೆ ಕರೆದುಕೊಂಡು ಹೋದೆ. ಹುಲಿಯ ಕಾಲು ಮೊಣಕಾಲಿಗೇ ನಿಂತಿತು. ಕ್ಯಾರೆಟ್ಟಿನ ಗುಂಡಿ ಹಾಕಲಾಗಲಿಲ್ಲ. ಪೊಲೀಸ್ ಉಸಿರು ಬಿಗಿಹಿಡಿದು ನಿಂತಿದ್ದ. ಮನೆಯಲ್ಲೇ ಕೂತು ತಿಂದು ಮಕ್ಕಳೆಲ್ಲ ದುಂಡಗಾಗಿದ್ದವು.

"ಯಾವಾಗಲೂ ಮಾಡೋ ಹಾಗೆ ಬಿಚ್ಚಿ ಬಿಡಮ್ಮ" ಎಂದೆ.

ಅವಳು ಹುಲಿಯನ್ನು ಒಳಮಗ್ಗುಲು ತಿರುಗಿಸಿ ತೋರಿಸಿದಳು. "ಬಿಡಾಕ ಒಳಗ ಏನೂ ಉಳದಿಲ್ರಿ ಟೀಚರ್."

ನನಗೆ ರೇಗಿತು. ಮಕ್ಕಳ ಎದುರಿಗೇ ಕೂಗಾಡಿದೆ. ಶನಿವಾರದೊಳಗೆ ಬಟ್ಟೆ ಆಗದಿದ್ದರೆ ಸಿಟಿಯ ದೊಡ್ಡ ಅಂಗಡಿಯಿಂದ ತರಿಸುತ್ತೇವೆ ಎಂದು ಪ್ರಿನ್ಸಿಪಾಲ್ ಮೇಡಂ ಆಗಲೇ ಹೇಳಿದ್ದರು. ನಮ್ಮ ಶಾಲೆ ಹೋದರೆ ಉಳಿದ ಶಾಲೆಗಳೂ ಅತ್ತಲೇ ಹೋಗುತ್ತವೆ. ಹೊಸ ಬಟ್ಟೆ ತರಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಂಗಡಿ ಮುಚ್ಚಿದರೆ ಮತ್ತೆ ಕಾಲರ್ ಹೊಲಿಯಲು ಹೋಗುವುದೊಂದೇ ದಾರಿ. ಇದು ನನಗೂ ಗೊತ್ತಿತ್ತು, ಆದರೂ ಕೂಗಾಡಿದೆ.

ಅವಳು ಹೇಳಿದಳು: "ಒಂದನ್ನ ಪೂರಾ ಕಳಕೊಳ್ಳಾಕ ಮನಸು ಬರಲಿಲ್ರಿ. ಅದಕ್ಕ ಎಲ್ಲಾದರ ಒಳಗಿಂದ ಚೂರ್ ಚೂರ್ ತಕ್ಕೋತ ಹೋದೆ. ಹೊರಗಿಂದ ನೋಡಿದ್ರ ಅಂಗಡಿ ತುಂಬಿದಂಗ ಇತ್ತು. ನಾನೂ ತುಂಬೇದ ಅಂತನ ತಿಳಕೊಂಡಿದ್ದೆ."

ಹೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ, ಕೊಕ್ಕೆಯಲ್ಲಿದ್ದ ನಿಲುವಂಗಿಯನ್ನು ನೋಡುತ್ತಿದ್ದಳು. ನಾನು ಮಕ್ಕಳನ್ನು ಕರೆದುಕೊಂಡು ವಾಪಸ್ಸು ಬಂದೆ.

ಮರುದಿನ ಶಾಲೆ ಬಿಟ್ಟ ಮೇಲೆ ಮನಸ್ಸು ತಡೆಯದೆ ಓಣಿಗೆ ಹೋದರೆ ಕೊಕ್ಕೆ ಖಾಲಿ. ಚಿಕ್ಕಮುನಿಯಮ್ಮ ಬಾಗಿಲಲ್ಲಿ ಕೂತಿದ್ದರು. "ಬ್ಯಾಡ ಕಣಮ್ಮಿ, ನಿಮ್ಮಪ್ಪನ ಗ್ಯಾಪಕ ಅದು, ಕತ್ರಿ ಆಕ್ಬ್ಯಾಡ ಅಂದೆ. ಕೇಳ್ನಿಲ್ಲ ಇವ್ಳು" ಎಂದರು. ಅವರ ಕಣ್ಣು ಕೆಂಪಾಗಿತ್ತು. ಒಳಗೆ ಮಹಾದೇವಿ ಮೆಷಿನ್ ತುಳಿಯುತ್ತಿದ್ದಳು. ನಿಲುವಂಗಿ ಪಟ್ಟಿ ಪಟ್ಟಿಯಾಗಿ ಮೇಜಿನ ಮೇಲೆ ಬಿದ್ದಿತ್ತು. ಒಂದೊಂದು ವೇಷದ ಪಕ್ಕವನ್ನೂ ಬಿಚ್ಚಿ, ನಡುವೆ ಮಖಮಲ್ಲಿನ ಪಟ್ಟಿ ಕೊಟ್ಟು ಅಗಲ ಮಾಡುತ್ತಿದ್ದಳು, ಕಾಲಿನ ಅಂಚಿಗೂ ಒಂದು ಪಟ್ಟಿ.

ಹಿಂದಿನ ದಿನ ಆಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಯಾಕಮ್ಮ ಹೀಗೆ ಮಾಡಿದೆ?"

"ಕೊರೊನಾದಾಗನ ಇದನ್ನ ಕತ್ತರಿಸಿದ್ರ ಅಷ್ಟೂ ಲಾಡಿ ಇದೊಂದರಾಗ ಆಗ್ತಿದ್ವು ಟೀಚರ್. ಉಳದಾವೆಲ್ಲ ಉಳೀತಿದ್ವು. ಆಗ ಬರದ ಬುದ್ಧಿ ಈಗ ಬಂತು. ಆ ದಾರ ಸ್ವಲ್ಪ ಈಕಡಿ ಕೊಡ್ರಿ."

ನಾನು ದಾರ ಕೊಟ್ಟೆ. ಆಮೇಲೆ ಕೂತು ಹಳೇ ಹೊಲಿಗೆ ಬಿಚ್ಚಿಕೊಟ್ಟೆ, ಅಷ್ಟಾದರೂ ನನಗೆ ಬರುತ್ತದೆ.

ಆನ್ಯುವಲ್ ಡೇ ದಿನ ಎರಡನೇ ಕ್ಲಾಸು ವೇದಿಕೆಗೆ ಬಂತು. ಹುಲಿಗೂ ಕೆಂಪು ಪಟ್ಟಿ, ಪೊಲೀಸಿಗೂ ಕೆಂಪು ಪಟ್ಟಿ. ಕ್ಯಾರೆಟ್ಟಿನ ಪಟ್ಟಿಯಲ್ಲಿ ಜರಿಯೂ ಸೇರಿ ಅದು ರಾಜಗಾಂಭೀರ್ಯದಿಂದ ನಡೆದು ಬಂತು. ಪಕ್ಕದಲ್ಲಿ ಕೂತಿದ್ದ ಪೋಷಕರೊಬ್ಬರು ಕೇಳಿದರು, "ಮಿಸ್, ಇದು ಈ ವರ್ಷದ ಡಿಸೈನಾ?" "ಹೌದು ಸಾರ್, ಸ್ಪೆಷಲ್ಲಾಗಿ ಮಾಡಿಸಿದ್ದು" ಎಂದೆ. ಪ್ರಿನ್ಸಿಪಾಲ್ ಮೇಡಂ ಮುಂದಿನ ವರ್ಷಕ್ಕೂ ಆ ಪಟ್ಟಿ ಇರಲಿ ಎಂದುಬಿಟ್ಟರು. ಸಿಟಿಯ ಅಂಗಡಿಯ ಮಾತು ಆಮೇಲೆ ಬರಲಿಲ್ಲ. ಪರದೆಯ ಪಕ್ಕದಲ್ಲಿ ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋದಾಗ, "ನಮ್ಮಪ್ಪ ನೋಡಿದ್ರ ಬೈತಿದ್ನೋ ನಗತಿದ್ನೋ ಗೊತ್ತಿಲ್ರಿ" ಎಂದಳು.

ಈಗ ಅವಳ ಜೊತೆ ಇನ್ನಿಬ್ಬರು ಹೆಂಗಸರು ಹೊಲಿಯುತ್ತಾರೆ. ಒಳಗೆ ಬಿಟ್ಟ ಬಟ್ಟೆಗೆ ಯಾರೂ ಕತ್ತರಿ ತಾಗಿಸುವಂತಿಲ್ಲ. ಕೈ ಬಿಗಿಯಾದಾಗ ಒಂದು ಇಡೀ ವೇಷವನ್ನೇ ತೆಗೆದು ಬಳಸಿಕೊಳ್ಳಬೇಕು ಎಂದು ಅವರಿಗೆ ಕಟ್ಟಪ್ಪಣೆ ಮಾಡಿದ್ದಾಳೆ. ಕೊಕ್ಕೆಗೆ ಬೇರೇನನ್ನೂ ತೂಗಿಹಾಕಿಲ್ಲ. ಮೊನ್ನೆ ನಾನು ಅಲ್ಲಿದ್ದಾಗ ಹಳೇ ಗಿರಾಕಿಯೊಬ್ಬರು ಬಂದು, ಇಲ್ಲೊಂದು ರಾಜನ ಬಟ್ಟೆ ಇತ್ತಲ್ಲ, ಎಲ್ಲಿ ಹೋಯಿತು ಎಂದು ಕೇಳಿದರು.

ಮಹಾದೇವಿ ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದಳು: "ಬಾಡಿಗಿಗಿ ಹೋಗೇದ್ರಿ."