ರಂಗೂನ್ ಮುಟಗಿಯ ಮೊದಲ ತುತ್ತು

ಆ ದಿನ ಮೊದಲ ತುತ್ತು ತಿನ್ನಬೇಕಾದವಳು ನಾನು. ತಿನ್ನಲಿಲ್ಲ. ತಂಗಿಗೆ ತಿನ್ನಿಸಿದೆ. ಅವ್ವ ಕೇಳಿದಾಗ ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ನನಗೆ ಮುದುಕಿಯಾಗುವಷ್ಟು ಕಾಲ ಬೇಕಾಯಿತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ತಿಂಗಳು ಶಹಾಬಾದ್ ಕಡೆ ಹೋದಾಗ ಕಾಗಿಣಾ ದಂಡೆಯ ಸಂತೆಯಲ್ಲಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗಾಗುವ ವಾಸನೆ ಬಂತು. ಅದರ ಬೆನ್ನಿಗೆ ಅರಿಶಿನ, ಅದರ ಬೆನ್ನಿಗೆ ಬೇಯಿಸಿದ ಹೊಳೆಮೀನು. ಆ ಮೂರೂ ಒಟ್ಟಿಗೆ ನನ್ನ ಮೂಗಿಗೆ ತಾಕಿ ನಲವತ್ತೈದು ವರ್ಷದ ಮೇಲಾಗಿತ್ತು. ಕಾಲು ತಾನಾಗಿಯೇ ಆ ಕಡೆ ತಿರುಗಿತು. ಕುಂಚಾವರಂ ಕಡೆಯ ಒಬ್ಬ ಹೆಣ್ಣುಮಗಳು ಬುಟ್ಟಿಯ ಮುಂದೆ ಕುಳಿತಿದ್ದಳು. "ನಮ್ಮ ಅಮ್ಮಮ್ಮ ಬರ್ಮಾದಾಗ ಹುಟ್ಟಿದಾಕಿ ರೀ, ಆಕಿ ಕಲಿಸಿದ್ದು. ಕುಂದ್ರಿ, ತಿಂದು ನೋಡ್ರಿ" ಎಂದು ಎಲೆಯ ಮೇಲೆ ಒಂದು ಹಳದಿ ಉಂಡೆ ಇಟ್ಟಳು. ಟೊಮ್ಯಾಟೊ ಹುಳಿ, ಆಲೂಗಡ್ಡೆಯ ಮೆದುತನ, ಮೇಲೆ ಹುರಿದ ಬೆಳ್ಳುಳ್ಳಿಯ ಕರಕರ. ಅವ್ವನ ಕೈಯದೇ ರುಚಿ. ಸೆರಗಿನಿಂದ ಕಣ್ಣೊರೆಸಿಕೊಂಡೆ. "ಖಾರ ಆತೇನ್ರಿ?" ಎಂದು ಆಕೆ ನೀರು ಕೊಟ್ಟಳು.

ನಿಮ್ಮ ಮನೆಯಲ್ಲೂ ಹೀಗೆ ಒಂದು ರುಚಿ ಇದ್ದು, ಮಾಡುವ ಕೈಯೊಂದಿಗೆ ಹೋಗಿಬಿಟ್ಟಿರಬಹುದು. ನಮ್ಮದು ಹೊಳೆ ದಂಡೆಯ ಮನೆ. ಅಪ್ಪ ದೋಣಿ ನಡೆಸುತ್ತಿದ್ದ, ಬಲೆ ಬೀಸುತ್ತಿದ್ದ. ಅವ್ವನದು ತೆಲುಗು ಮಾತು. ಅವಳ ತಂದೆ ಬರ್ಮಾಕ್ಕೆ ರೈಲು ಹಳಿ ಕೆಲಸಕ್ಕೆ ಹೋದವನು, ಅಲ್ಲಿಂದ ತಿರುಗಿ ಬಂದಮೇಲೆ ವಾಡಿಯಲ್ಲಿ ಅದೇ ಕೆಲಸ ಹಿಡಿದ. ಬರ್ಮಾದಲ್ಲಿ ಗುಡ್ಡಗಳ ನಡುವಿನ ದೊಡ್ಡ ಕೆರೆಯೊಂದರ ಹತ್ತಿರ ಅವರ ಖೋಲಿ ಇತ್ತಂತೆ. ಕೆರೆ ದಂಡೆಯ ಹೆಂಗಸರು ಅನ್ನಕ್ಕೆ ಮೀನು, ಅರಿಶಿನ ಹಾಕಿ ಹಿಟ್ಟಿನಂತೆ ನಾದುವುದನ್ನು ನೋಡಿ, ಆಗಿನ್ನೂ ಹುಡುಗಿಯಾಗಿದ್ದ ಅವ್ವ ಕಲಿತಿದ್ದಳು. ಅದಕ್ಕೆ ಅವಳು ಟಮಿಂಜಿನ್ ಅನ್ನುತ್ತಿದ್ದಳು. ಆ ಹೆಸರು ನಮ್ಮ ಮಂದಿಯ ನಾಲಿಗೆಗೆ ಹೊರಳಲಿಲ್ಲ. ರೊಟ್ಟಿಯ ಮುಟಗಿಯ ಹಾಗೆ ಮುಷ್ಟಿಯಲ್ಲಿ ಹಿಚುಕಿ ಕಟ್ಟುತ್ತಿದ್ದಳಲ್ಲ, ಸಂತೆಯವರು ರಂಗೂನ್ ಮುಟಗಿ ಎಂದರು. ವಾರದಲ್ಲಿ ಒಂದು ದಿನ ಅವ್ವ ಹಣೆ ತುಂಬ ಕುಂಕುಮ ಇಟ್ಟು ಸಂತೆಗೆ ಹೋಗುತ್ತಿದ್ದಳು. ಉಳಿದ ಆರು ದಿನ ಅವಳು ಊರಿಗೆ ಹೊರಗಿನವಳು, ಆ ಒಂದು ದಿನ ಮಂದಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಬಿಸಿಲೂರಿನಲ್ಲಿ ಮೀನು ಕಲಸಿದ ಅನ್ನವನ್ನು ಯಾರು ನಂಬಿ ತಿನ್ನಬೇಕು? ಅದಕ್ಕೇ ಅವ್ವ ಒಂದು ಪದ್ಧತಿ ಮಾಡಿದ್ದಳು. ಬುಟ್ಟಿ ಬಿಚ್ಚಿದ ಕೂಡಲೇ ಮೊದಲ ಉಂಡೆಯನ್ನು ಎಲ್ಲರ ಮುಂದೆ ಮನೆಯವರೇ ತಿನ್ನಬೇಕು. "ಮನಿ ಮಂದಿ ತಿಂದ್ರ ಊರ ಮಂದಿ ತಿಂತಾರ" ಅನ್ನುತ್ತಿದ್ದಳು. ದೊಡ್ಡ ಮಗಳಾದ್ದರಿಂದ ಆ ಪಾಳಿ ನನ್ನದು. ನನಗಾಗ ಹನ್ನೆರಡು, ತಂಗಿ ಲಚ್ಚಿಗೆ ಏಳು.

ಆ ಸಂತೆಯ ದಿನ ಅವ್ವ ಜಾಗ ಹಿಡಿಯಲು ಬೆಳಿಗ್ಗೆಯೇ ಹೊರಟಳು. "ನಿನ್ನಿ ಮೀನ ಅದ, ಇನ್ನೊಮ್ಮಿ ಚಲೋ ಕುದಿಸಿ ಆಮ್ಯಾಲೆ ನಾದು" ಎಂದು ಎರಡು ಸಲ ಹೇಳಿದಳು. ಒಲೆ ಹಚ್ಚಬೇಕು ಎನ್ನುವಾಗ ಅಪ್ಪನ ದೋಣಿಯಲ್ಲಿ ಮದುವೆಯ ದಿಬ್ಬಣ ಬರುತ್ತಿದೆ ಎಂದು ಯಾರೋ ಕೂಗಿದರು. ನಾನು ದಂಡೆಗೆ ಓಡಿದೆ. ಮದುಮಗಳ ಹಸಿರು ಸೀರೆ ನೀರಿನಲ್ಲಿ ಅಲುಗುವುದನ್ನು ನೋಡುತ್ತ ನಿಂತೆ. ಬಂದಾಗ ಹೊತ್ತು ಮೀರಿತ್ತು. ಮೀನನ್ನು ಕುದಿಸದೆ ಹಾಗೇ ಅನ್ನಕ್ಕೆ ನಾದಿದೆ. ಮೂಗಿಗೆ ಏನೋ ಬಂತು. ಬೆಳ್ಳುಳ್ಳಿ ಎಣ್ಣೆ ಇನ್ನಷ್ಟು ಸುರಿದೆ.

ಲಚ್ಚಿಯ ಜೊತೆ ಸಂತೆಗೆ ಹೊತ್ತು ತಂದು ಬುಟ್ಟಿಯ ಬಟ್ಟೆ ತೆಗೆದಾಗ ಮೀನು ಕೆಟ್ಟಿದ್ದು ಖಾತ್ರಿಯಾಯಿತು. ಲಚ್ಚಿ ಪ್ರತಿ ವಾರದಂತೆ ನನ್ನ ಲಂಗ ಜಗ್ಗಿದಳು. "ಅಕ್ಕಾ, ಇವತ್ತರೆ ನಾ ತಿಂತೀನಿ." ಪ್ರತಿ ವಾರ ಅವಳ ತಲೆಗೆ ಮೊಟಕುತ್ತಿದ್ದೆ. ಆ ದಿನ, "ತಿನ್ನು, ನೀನೂ ದೊಡ್ಡಾಕಿ ಆದಿ" ಎಂದೆ. ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಂದಿಯತ್ತ ನೋಡುತ್ತ, ಗಂಭೀರವಾಗಿ ತಿಂದಳು. ಪೂರ್ತಿ ತಿಂದಳು. ಅವ್ವ ಎರಡನೆಯ ಎಲೆ ಹಾಕುವಷ್ಟರಲ್ಲಿ ಬುಟ್ಟಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡಳು.

ಪಕ್ಕದ ಮೆಣಸಿನಕಾಯಿ ಮಾರುವ ಮುದುಕಿ, "ಮನಿ ಕೂಸಿಗೇ ದಕ್ಕಲಿಲ್ಲ, ನಮಗೇನ್ ದಕ್ಕೀತವಾ" ಎಂದು ನಕ್ಕಳು. ಕೈ ಚಾಚಿದವರೆಲ್ಲ ಹಿಂದೆ ಸರಿದರು. ಅವ್ವ ನನ್ನನ್ನು ಕೇಳಿದಳು, "ಮೀನ ಕುದಿಸಿದ್ದಿಲ್ಲೋ?"

"ಕುದಿಸೀನಿ."

ಅವ್ವ ನನ್ನನ್ನು ನಂಬಿದಳು. ಲಚ್ಚಿಯ ಕಡೆ ತಿರುಗಿ, "ಏನ್ ತಿಂದು ಬಂದಿದ್ದಿ?" ಎಂದು ಕೆನ್ನೆಗೆ ಹೊಡೆದಳು. ಲಚ್ಚಿ ಬಾಯಿ ಬಿಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವ್ವ ಬುಟ್ಟಿಯನ್ನು ಹೊಳೆಗೆ ಬೋರಲು ಹಾಕಿದಳು.

ಮುಂದಿನ ಎರಡು ಸಂತೆ ಹೋಗಿ ನೋಡಿದಳು. ಮಂದಿ ಮಾತಾಡಿಸಿದರು, ತಿನ್ನಲಿಲ್ಲ. ಆಮೇಲೆ ಅವ್ವ ಕಲ್ಲಿನ ಗಣಿಯ ಕೆಲಸಕ್ಕೆ ಹೋದಳು. ಕುಂಕುಮದ ಹಣೆಯ ಮೇಲೆ ಬಿಳಿ ಪುಡಿ ಕೂರತೊಡಗಿತು, ಕೆಮ್ಮು ಹತ್ತಿತು. ಮನೆಯಲ್ಲಿ ಸಹ ಮತ್ತೆಂದೂ ಆ ಅನ್ನ ನಾದಲಿಲ್ಲ. ನಮ್ಮಿಬ್ಬರ ಮದುವೆ ಮಾಡಿ, ಕೆಮ್ಮುತ್ತಲೇ ಹೋದಳು. ಹೇಳಬಹುದಾದ ದಿನಗಳು ಎಷ್ಟೋ ಇದ್ದವು. ನಾನು ಅವಳ ಬೆನ್ನು ನೀವುತ್ತ ಸುಮ್ಮನಿದ್ದೆ.

ಹೋದ ತಿಂಗಳ ಆ ಸಂತೆಯಿಂದ ನಾನು ನನ್ನ ಮನೆಗೆ ಹೋಗಲಿಲ್ಲ. ಬಸ್ಸು ಬದಲಿಸಿ ಕೊಡ್ಲಿಗೆ ಹೋದೆ, ಲಚ್ಚಿಯ ಗಂಡನ ಊರು ಅದು. ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. "ಫೋನ್ ಇಲ್ಲ, ಸುದ್ದಿ ಇಲ್ಲ, ದಾರಿ ತಪ್ಪಿ ಬಂದಿಯೇನ್ ಅಕ್ಕಾ?" ಎಂದು ನಗಾಡಿದಳು. ರಂಗೂನ್ ಮುಟಗಿ ತಿಂದೆ ಎಂದೆ. ಮೊರ ನಿಂತಿತು.

"ಅದರ ಹೆಸರು ತಗೀಬ್ಯಾಡ" ಎಂದಳು. ಒಂದು ಹುಳುಕು ಕಾಳನ್ನು ಹೆಕ್ಕಿ ಎಸೆದಳು. "ನಿನಗ ಒಂದು ಮಾತು ಹೇಳಿಲ್ಲ ನಾ. ಅವತ್ತು ಮುಂಜಾನಿ ಕದ್ದು ಹಸಿ ಹುಣಸಿಕಾಯಿ ತಿಂದಿದ್ದೆ. ಅವ್ವ ಬ್ಯಾಡ ಅಂದಿದ್ಲು. ಅದಕ್ಕೇ ವಾಂತಿ ಆತು. ಅವ್ವನ ಸಂತಿ ಮುಳುಗಿಸಿದಾಕಿ ನಾನೇ ಅಕ್ಕಾ. ಕಲ್ಲಿನ ಪುಡಿ ತಿನ್ನಿಸಿದಾಕಿ ನಾನೇ. ಸಾಯೋ ಮುಂದೂ ಆಕಿಗಿ ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ."

ಏಳು ವರ್ಷದ ಕೂಸಾಗಿದ್ದಾಗಿನಿಂದ ಅಷ್ಟನ್ನು ಹೊತ್ತುಕೊಂಡೇ ಅವಳು ಮೊಮ್ಮಕ್ಕಳನ್ನು ಕಂಡಿದ್ದಳು. ನಾನು ಅವಳ ಮುಂದೆ ನೆಲದ ಮೇಲೆ ಕುಳಿತೆ. ಅವಳ ಕೈಯಿಂದ ಮೊರ ತೆಗೆದು ಪಕ್ಕಕ್ಕಿಟ್ಟೆ.

"ಹುಣಸಿಕಾಯಿ ಅಲ್ಲ ಲಚ್ಚಿ. ಮೀನ ಕೆಟ್ಟಿತ್ತು. ನಾ ಕುದಿಸಿದ್ದಿಲ್ಲ. ಕೆಟ್ಟದ್ದು ಗೊತ್ತಿದ್ದೇ ನಿನ್ನ ಕೈಯಾಗ ಇಟ್ಟೆ, ಗೊತ್ತಿದ್ದೇ ಅವ್ವಗ ಸುಳ್ಳು ಹೇಳ್ದೆ. ನಿಂದೇನೂ ಇಲ್ಲ ತಂಗೀ, ಯಾವತ್ತೂ ಇದ್ದಿಲ್ಲ. ತಪ್ಪು ನಂದು. ನಂದು ಭಾಳ ತಪ್ಪಾತವಾ."