ಆಲೆಮನೆ ಗೋಡೆಯ ಕಾವು

ನಿನ್ನೆ ಕೊಪ್ಪದ ನಮ್ಮ ಹಾಲಿನ ಡೇರಿ ಪಕ್ಕ ಯಾರೋ ಗೋಧಿ ಬೂಸಾ ನೆನೆಹಾಕಿ ಮರೆತಿದ್ದರು. ಆ ಹುಳಿ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಸೋಮನಹಳ್ಳಿಯ ಪುಡಿ ಕಾರ್ಖಾನೆಯ ಅಕ್ಕ ನೆನಪಾದಳು... ಜೊತೆಗೆ ನನ್ನ ಹಳೇ ಸಿಟ್ಟೂ.

ದನದ ಹಿಂಡಿಗೆ ಬೆರೆಸುವ ಪುಡಿ ಮಾಡುವ ಸಣ್ಣ ಕಾರ್ಖಾನೆ ಅದು. ನಾನು ಪ್ಯಾಕಿಂಗಿನವಳು. ಅಕ್ಕ ಲ್ಯಾಬಿನವಳು, ಕಿರುಗಾವಲಿನಿಂದ ಬಸ್ಸು ಹತ್ತಿ ಬರುತ್ತಿದ್ದಳು. ನೆನೆದ ಬೂಸಾವನ್ನು ತಟ್ಟೆಗಳಲ್ಲಿ ಹರಡಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು ಅವಳ ಕೆಲಸ. ಅವು ಬೆಳೆಯುತ್ತಾ ಬಿಡುವ ಕಿಣ್ವವೇ ದನದ ಹೊಟ್ಟೆಗೆ ಬೇಕಾದದ್ದು. ಪ್ರತಿ ಸಲವೂ ಅಕ್ಕ ಒಂದು ಚಿಟಿಕೆ ಪುಡಿಯನ್ನು ಉಗುರುಬೆಚ್ಚಗಿನ ರಾಗಿ ಗಂಜಿಗೆ ಹಾಕಿ ಕದಡುತ್ತಿದ್ದಳು. ಗಂಜಿ ನೀರಾದರೆ ಕಿಣ್ವ ಇದೆ, ಮಾಲು ಸರಿ. ನಾವೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು.

ಓನರಿಗೆ ಪಕ್ಕದಲ್ಲೇ ಒಂದು ಆಲೆಮನೆ ಇತ್ತು. ಹೀಟರಿಗೆ ಕರೆಂಟು ಯಾಕೆ ದಂಡ ಎಂದು, ಬೆಲ್ಲ ಕಾಯಿಸುವ ಒಲೆಯ ಗೋಡೆಗೇ ತಟ್ಟೆಗಳನ್ನು ಜೋಡಿಸಿಬಿಟ್ಟರು. ಅಷ್ಟು ಕಾವು ಬೇಡ ಎಂದು ಅಕ್ಕ ಗೋಗರೆದಳು. ಬಿಟ್ಟಿ ಸಿಕ್ಕಿದ ಬಿಸಿಯ ಮುಂದೆ ಯಾರ ಮಾತು ನಡೆಯುತ್ತದೆ? ಮಾಲು ಬೇಗ ಬಂತು. ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಚಿಪ್ಪು ಕಟ್ಟಿಕೊಂಡು ಮಲಗಿದವು, ಕಿಕ್ಕಿರಿದಿದ್ದವು. ಓನರ್ ಹಿಗ್ಗಿ ಹೀರೇಕಾಯಿಯಾದರು. ಗಂಜಿ ಮಾತ್ರ ನೀರಾಗಲಿಲ್ಲ.

"ಸೆಕೆ ತಾಳ್ನಾರ್ದೆ ಚಿಪ್ಪೊಳೀಕೆ ಸೇರ್ಕಂಡವೆ ಸಾ. ಜೀವ ಅದೆ, ಕೆಲ್ಸ ಮಾಡಿಲ್ಲ," ಅಂದಳು ಅಕ್ಕ.

"ಬೀಜಕ ಬೇಕಾದಷ್ಟವೆ, ಬುಡು ಕಣಮ್ಮ. ನಿನ್ ಗಂಜಿ ಯಾರ್ ಕುಡೀತಾರೆ?"

ಪುಡಿ ಕೆಲಸ ಮಾಡುತ್ತಿಲ್ಲವೆಂದು ಮದ್ದೂರಿನ ಹಿಂಡಿ ವ್ಯಾಪಾರಿ ಅಷ್ಟೂ ಮಾಲನ್ನು ವಾಪಸ್ಸು ಕಳಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕನೇ ಬ್ಯಾಕ್ಟೀರಿಯಾದ ತಳಿ ಕೆಡಿಸಿದಳೆಂದು ಓನರ್ ಎಲ್ಲರೆದುರು ಕೂಗಾಡಿ ಅವಳನ್ನು ಕೆಲಸದಿಂದ ತೆಗೆದರು. ಆ ಮಾತು ಹೆದ್ದಾರಿ ಬದಿಯ ಉಳಿದ ಪುಡಿ ಕಾರ್ಖಾನೆಗಳಿಗೂ ಹೋಯಿತು. ತಳಿ ಕೆಡಿಸಿದವಳಿಗೆ ಲ್ಯಾಬು ಕೊಡುವವರು ಯಾರು? ಕೊನೆಗೆ ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು...

ಒಮ್ಮೆ ಅಲ್ಲಿ ಸಿಕ್ಕಿದ್ದಳು. "ನಾನೇನ್ ಕೆಡ್ಸಿದ್ನೆ? ಒಂದ್ಸಲ ಆ ಗಂಜಿ ಕದಡಿ ನೋಡಿದ್ರೆ ಸಾಕಿತ್ತು ಕಣೆ," ಅಂದಳು. ಹೋದ ವರ್ಷ ತೀರಿಕೊಂಡಳು. ಕೆಟ್ಟ ಹೆಸರು ಹಾಗೇ ಉಳಿಯಿತು.

ನಾನೀಗ ಆ ಕೆಲಸ ಬಿಟ್ಟು ಹಸು ಕಟ್ಟಿಕೊಂಡಿದ್ದೇನೆ. ನಿನ್ನೆ ಆ ವಾಸನೆಯ ಹಿಂದೆಯೇ ಡೇರಿಯೊಳಗೆ ಹೋದರೆ, ಪುಡಿ ಮಾರಲು ಅದೇ ಓನರ್ ಬಂದಿದ್ದರು.

"ಈ ಬ್ಯಾಕ್ಟೀರಿಯಾಕ್ಕೆ ಕಾವು ಜಾಸ್ತಿ ಆಗ್ಬಾರ್ದು ಕಣ್ರಪ್ಪ. ಅದ್ಕೇ ಬೇರೆ ರೂಮೇ ಕಟ್ಸಿವ್ನಿ. ನಾನೇ ಕಂಡ್ಕಂಡಿದ್ದು," ಅನ್ನುತ್ತಿದ್ದರು.

"ಅಕ್ಕ ಅವತ್ತೇ ಯೋಳಿದ್ಲಲ್ಲ ಸಾ," ಅಂದೆ.

"ಯಾವ ಅಕ್ಕ?" ಅಂದರು.

ಅವರ ಮುಖವನ್ನೇ ನೋಡಿದೆ. ನಾಟಕವಾಗಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.