ಅಕ್ಕನ ಷೂಗೆ ರೇಷ್ಮೆ ಚೀಲ

ಬೀರು ಒರೆಸಲು ಹೋದಾಗ ಹಳೆಯ ಸೀರೆಗಳ ಅಡಿಯಿಂದ ಒಂದು ಜೊತೆ ರೇಷ್ಮೆ ಚೀಲ ಜಾರಿ ಬಿತ್ತು. ನೀಲಿ ಬಣ್ಣ, ಕೆಂಪು ಅಂಚು, ಬಾಯಿಗೆ ಲಾಡಿ. ತಳ ಮಾತ್ರ ಸವೆದು ತೂತಾಗಿತ್ತು. ಮೂಗಿನ ಹತ್ತಿರ ತಂದೆ. ನುಸಿಗುಳಿಗೆಯ ಘಾಟಿನ ನಡುವೆ, ದೇವರೇ, ಕೊಬ್ಬರಿ ಎಣ್ಣೆ ಹಚ್ಚಿದ ಚರ್ಮದ ವಾಸನೆ! ಇಷ್ಟು ವರ್ಷವಾದ ಮೇಲೂ... ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಈ ಚೀಲ ಹೊಲಿದವರು ಅಲ್ಲೇ ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಡ್ರಾಯಿಂಗ್ ಮಿಸ್, ನನಗೆ ಅಕ್ಕ. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲಿನ ಶಕ್ತಿ ಹೋಗಿತ್ತು. ಸೀರೆಯೊಳಗೆ ತೊಡೆಯವರೆಗೂ ಕಬ್ಬಿಣದ ಸರಳು, ಅದನ್ನು ಬಿಗಿದು ಹಿಡಿಯುವ, ಕೊಬ್ಬರಿ ಎಣ್ಣೆ ಹಚ್ಚಿದ ಚರ್ಮದ ಪಟ್ಟಿಗಳು. ಸರಳುಗಳ ಬುಡ ಕಪ್ಪು ಷೂಗಳಿಗೇ ಸೇರಿಕೊಂಡಿತ್ತು. ಕ್ಯಾಲಿಪರ್ ಅನ್ನುತ್ತಾರೆ. ಷೂ ಕಳಚಿದರೆ ಅಕ್ಕ ನಿಲ್ಲುವ ಮಾತೇ ಇರಲಿಲ್ಲ. ಹಾಕಿಕೊಂಡರೆ ಮಾತ್ರ ಊರುಗೋಲು ಊರಿಕೊಂಡು ತಲೆಯೆತ್ತಿ ಬರುವರು. ಕಾರಿಡಾರಿನಲ್ಲಿ ಟಕ್ ಟಕ್ ಸದ್ದಾದರೆ ಸಾಕು, ಸಂತೆಯಂತಿದ್ದ ಕ್ಲಾಸು ಗಪ್‌ಚುಪ್. ಬಾಯಿಯಂತೂ ಕೇಳಲೇಬೇಡಿ, ಹೆಡ್‌ಮಾಸ್ಟರನ್ನೂ ಬಿಡುತ್ತಿರಲಿಲ್ಲ.

ಅರಕಲಗೂಡಿನಲ್ಲಿ ತಮ್ಮ ಬೀದಿಯ ದೇವಸ್ಥಾನಕ್ಕೆ ಅಕ್ಕ ಷೂ ಹಾಕಿಕೊಂಡೇ ಹೋಗುತ್ತಿದ್ದರು. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಹೊಸಿಲ ಹತ್ತಿರ ವಯಸ್ಸಾದ ಅರ್ಚಕರು ಉದ್ಧರಣೆಯಲ್ಲಿ ನೀರು ತಂದು ಎರಡೂ ಷೂಗಳ ಮೇಲೆ ಚಿಮುಕಿಸಿ, "ಬಾಮ್ಮಾ, ಕಾಲು ತೊಳೆದಾಯ್ತು" ಅಂದರು. ಅಕ್ಕ ಚಿಕ್ಕ ಹುಡುಗಿಯಾಗಿದ್ದಾಗಿನಿಂದಲೂ ಅದೇ ಪದ್ಧತಿಯಂತೆ. ಬೇರೆ ಕಡೆ ಬೇರೆ ಥರ ಇರಬಹುದು ಅನ್ನುವ ಯೋಚನೆ ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ಆ ವರ್ಷ ಶಾಲೆಯ ಪ್ರವಾಸ ನಮ್ಮ ಜಿಲ್ಲೆಯದೇ ಒಂದು ಹೊಯ್ಸಳರ ಗುಡಿಗೆ. ಹೆಸರು ಬೇಡ ಬಿಡಿ, ಪಾಪ ದೇವರದೇನು ತಪ್ಪು? ಅಲ್ಲಿನ ಗೋಡೆಯ ಬೊಂಬೆಗಳನ್ನೆಲ್ಲ ಕ್ಯಾಲೆಂಡರ್ ನೋಡಿಕೊಂಡು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಅಕ್ಕ ಒಂದು ಸಲವೂ ಅಲ್ಲಿಗೆ ಹೋಗಿಲ್ಲ ಅನ್ನುವುದು ಗೊತ್ತಾಗಿದ್ದೇ ಆಗ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹಾಸನ ದಾಟಿದರೆ ಗುಡಿ!

"ದಿನಾ ಬರೋ ಬಸ್ಸಿನ ಕಂಡಕ್ಟರ್ ಗೊತ್ತಿರೋನು, ಕೈ ಕೊಟ್ಟು ಹತ್ತಿಸ್ಕೋತಾನೆ. ಅಲ್ಲಿಗೆಲ್ಲ ನನ್ನ ಯಾರೇ ಕರ್ಕೊಂಡೋಗ್ತಾರೆ?" ಅಂದರು ಅಕ್ಕ. "ಕ್ಯಾಲೆಂಡರ್‌ನೋರು ಗೋಡೆ ತೋರಿಸ್ತಾರೆ, ಒಳಗಿನ ಚಾವಣಿ ತೋರಿಸಲ್ಲ ಕಣೇ. ಅಲ್ಲಿ ಕಲ್ಲಿನ ತಾವರೆ ತಲೆಕೆಳಗಾಗಿ ತೂಗ್ತಿದ್ಯಂತೆ. ಅದನ್ನ ಕಣ್ಣಾರೆ ನೋಡ್ಬೇಕು."

ದೊಡ್ಡ ದೇವಸ್ಥಾನ, ಬರೀ ಷೂನಲ್ಲಿ ಹೋಗುವುದು ಚೆನ್ನಾಗಿರಲ್ಲ ಅಂತ ತಾಯಿಯ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಷೂಗಳಿಗೆ ಚೀಲ ಹೊಲಿದುಕೊಂಡು ಬಂದಿದ್ದರು. ಬಸ್ಸಿನಿಂದ ಇಳಿದ ಮೇಲೆ ನಾನೇ ಲಾಡಿ ಬಿಗಿದೆ.

ಬಾಗಿಲಲ್ಲಿ ಕಾವಲಿನವನು ತಡೆದ. "ಷೂ ಬಿಚ್ಬುಟ್ಟು ಓಗಿ ಮೇಡಂ."

"ಇದು ಷೂ ಅಲ್ಲಪ್ಪ, ನನ್ನ ಕಾಲು. ಒಂಚೂರು ನೀರು ಚಿಮುಕಿಸಿ ಬಿಟ್ಬಿಡು," ಅಂದರು ಅಕ್ಕ.

ಅವನಿಗೆ ತಲೆಬುಡ ತಿಳಿಯಲಿಲ್ಲ. "ಚಪ್ಲಿ, ಷೂ ಯಾವ್ದೂ ಬಿಡಂಗಿಲ್ಲ. ನನ್ ಕೆಲ್ಸಕ್ಕೆ ಕುತ್ತು ಬತ್ತದೆ ಕಣಮ್ಮ."

ನನಗೆ ಎಲ್ಲಿತ್ತೋ ಸಿಟ್ಟು. "ಕಣ್ಣು ಕಾಣಲ್ವೇನ್ರೀ ನಿಮಗೆ?" ಅಂತ ಕೂಗಾಡಿದೆ. ಹೆಡ್‌ಮಾಸ್ಟರು ನಡುವೆ ಬಂದು, "ಒಂದು ಕುರ್ಚಿ ತರಿಸೋಣ, ನಾಲ್ಕು ಜನ ಹೊತ್ಕೊಂಡು ಹೋಗ್ಲಿ" ಅಂದರು.

"ಹೊತ್ತು ಮೆರೆಸೋಕೆ ನಾನೇನು ಉತ್ಸವಮೂರ್ತಿನಾ ಸಾರ್?" ಅಂದರು ಅಕ್ಕ.

ಮಕ್ಕಳೆಲ್ಲ ನಕ್ಕರು. ನಗುವಿನಲ್ಲೇ ಮುಗಿಯಿತು, ವಾಪಸ್ ಬಸ್ಸಿಗೆ ಹೋಗಿ ಕೂರುತ್ತಾರೆ ಅಂದುಕೊಂಡೆ. ಅಕ್ಕ ಮೆಟ್ಟಿಲ ಮೇಲೆ ಕೂತರು. "ಹುಡುಗೀರೆಲ್ಲ ನನ್ನ ಸುತ್ತ ನಿಂತ್ಕೊಳ್ರೇ. ಬೆನ್ನು ಈ ಕಡೆ ಇರ್ಲಿ." ಹುಡುಗಿಯರು ಗೋಡೆ ಕಟ್ಟಿ ನಿಂತರು. ನಾನು ನೋಡುತ್ತಿದ್ದಂತೆ ಆ ನಡುಹಗಲಿನಲ್ಲಿ, ಅಷ್ಟು ಜನರ ಮಧ್ಯೆ, ಅಕ್ಕ ಸೀರೆ ಮೇಲೆತ್ತಿ ತೊಡೆಯ ಪಟ್ಟಿ ಬಿಚ್ಚತೊಡಗಿದರು! ಎರಡೂ ಕಾಲಿನ ಕಬ್ಬಿಣ ಕಳಚಿ, "ಹಿಡ್ಕೋ" ಅಂತ ನನ್ನ ಕೈಗೆ ಕೊಟ್ಟರು. ಎಂಥ ಭಾರ ಅಂತೀರಿ. ಅದಕ್ಕಿಂತ ಹೆಚ್ಚಾಗಿ, ಆ ಚರ್ಮದ ಪಟ್ಟಿ ಇನ್ನೂ ಬೆಚ್ಚಗಿತ್ತು. ಅವರ ಮೈಯ ಶಾಖ...

ಅಂಗಳದ ಹಾಸುಗಲ್ಲು ಕಾದು ಹೆಂಚಾಗಿತ್ತು. ಬರಿಗಾಲಿನ ಮಕ್ಕಳು ಕುಣಿಯುತ್ತ ಓಡುತ್ತಿದ್ದರು. ಅಕ್ಕ ಷೂಗೆ ಹೊಲಿದಿದ್ದ ರೇಷ್ಮೆ ಚೀಲಗಳನ್ನು ಕೈಗೆ ಏರಿಸಿಕೊಂಡರು. ಅಂಗೈ ಊರಿ, ಕಾಲು ಎಳೆದುಕೊಂಡು ತೆವಳುತ್ತ ಹೊರಟರು. ಕಬ್ಬಿಣ ಹೊತ್ತುಕೊಂಡು ನಾನು ಹಿಂದೆ ಹಿಂದೆ ನಡೆದೆ. ಯಾರೋ ಪ್ರವಾಸಿ ಕ್ಯಾಮೆರಾ ಎತ್ತಿದ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸೀದಾ ಹೋಗಿ ಅದಕ್ಕೆ ಅಡ್ಡ ನಿಂತಳು. ಕಾವಲಿನವನು ಗೋಡೆಗೆ ಒರಗಿ ನಿಂತೇ ಇದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

ಒಳಗೆ ಕಂಬಗಳ ನಡುವಿನ ದುಂಡು ಕಲ್ಲಿನ ಮೇಲೆ ಅಕ್ಕ ಅಂಗಾತ ಮಲಗಿದರು. ಮೇಲೆ ನೋಡಿದರು. "ಏನೇ ಇದು... ಬರೀ ಕತ್ತಲು!"

ಬಲ್ಬು ಸುಟ್ಟುಹೋಗಿತ್ತಂತೆ. ಇಷ್ಟೆಲ್ಲ ಆಗಿ, ಕತ್ತಲು! ನನಗೆ ಅಳುವೇ ಬಂತು. ಅಷ್ಟರಲ್ಲಿ ಮಕ್ಕಳು ಹೊರಗೋಡಿ ಬಸ್ಸಿನಿಂದ ಟಿಫನ್ ಡಬ್ಬಿಗಳ ಮುಚ್ಚಳ ತಂದರು. ಬಾಗಿಲ ಬಿಸಿಲಿಗೆ ಒಬ್ಬೊಬ್ಬರು ಒಂದೊಂದು ಮುಚ್ಚಳ ಹಿಡಿದರು. ಬೆಳಕು ಕಂಬಗಳ ಮೇಲೆಲ್ಲ ಓಡಾಡಿ ಕೊನೆಗೆ ಚಾವಣಿಗೆ ಹತ್ತಿತು. ಒಂದು ಮುಚ್ಚಳ ಹಿಡಿದವನು ಕಾವಲಿನವನು. ತಾವರೆ ಎಸಳು ಎಸಳಾಗಿ ಮೇಲಿನಿಂದ ಇಳಿದು ಬಂದಿತ್ತು. ಬೆಳಕು ಅಲುಗಿದಾಗೆಲ್ಲ ಅದೂ ಅಲುಗಿದಂತೆ ಕಾಣುತ್ತಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ. ಅವರು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಬಸ್ಸಿನಲ್ಲಿ ಕೂತ ಮೇಲೆ ಚೀಲ ಕಳಚಿದೆವು. ರೇಷ್ಮೆ ಸವೆದು ಹರಿದಿತ್ತು, ಅದರ ಕೆಳಗೆ ಅಂಗೈ ತುಂಬ ಬೊಬ್ಬೆ. ಬೋರ್ಡಿನ ಮೇಲೆ ಚಿತ್ರ ಬಿಡಿಸುವ ಕೈ! ನಾನು ಅತ್ತೆ, ಅವರು ಗದರಿದರು. "ಸುಮ್ನಿರೇ ಸಾಕು, ಮಕ್ಳು ನೋಡ್ತಿದಾವೆ." ಊರು ಹತ್ತಿರವಾದಾಗ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: "ಇನ್ನೊಂದ್ಸಲ ಬರ್ಬೇಕು ಕಣೇ. ನಿಂತ್ಕೊಂಡು ನೋಡ್ಬೇಕು."

ಆ ಇನ್ನೊಂದು ಸಲ ಬರಲೇ ಇಲ್ಲ. ಕೆಲವು ವರ್ಷಗಳ ಮೇಲೆ ಅಕ್ಕ ಜ್ವರದಲ್ಲಿ ಹೋಗಿಬಿಟ್ಟರು. ಇವು ಏನೆಂದು ತಿಳಿಯದ ಅವರ ತಮ್ಮ, ನಿಮಗೇನಾದ್ರೂ ಬೇಕಾಗ್ಬೋದು ಅಂತ ಚೀಲಗಳನ್ನು ನನಗೆ ಕೊಟ್ಟ.

ಅದಾದ ಮೇಲೆ ಚನ್ನರಾಯಪಟ್ಟಣದ ನೆಂಟರ ಜೊತೆ ಒಮ್ಮೆ ಅದೇ ಗುಡಿಗೆ ಹೋಗಿದ್ದೆ. ಮೆಟ್ಟಿಲ ಪಕ್ಕ ನುಣುಪಾದ ಇಳಿಜಾರು ದಾರಿ, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಗಾಲಿಕುರ್ಚಿಯ ಚಿತ್ರದ ಬೋರ್ಡು! ಖುಷಿಗೆ ಕಣ್ಣು ತುಂಬಿತು. ಕಂಬಿ ಸವರಿ ಸವರಿ ನೋಡಿದೆ. ಬಾಗಿಲಲ್ಲಿ ಹೊಸಬ, ಚಿಕ್ಕ ವಯಸ್ಸು. "ಈಗ ಯಾರ್ ಬೇಕಾದ್ರೂ ಬರ್ಬೋದು ಮೇಡಂ," ಅಂತ ಹೆಮ್ಮೆಯಿಂದ ಹೇಳಿದ.

"ಕಾಲಿಗೆ ಕಬ್ಬಿಣ ಕಟ್ಕೊಂಡಿರೋರು ಬಂದ್ರೆ?" ಅಂತ ಕೇಳಿದೆ.

"ಬರ್ಲಿ ಮೇಡಂ, ಅವ್ರಿಗೇ ಅಲ್ವಾ ಮಾಡ್ಸಿರೋದು. ಷೂ ಮಾತ್ರ ಇಲ್ಲೇ ಬಿಚ್ಬುಟ್ಟು ಓಗ್ಬೇಕು."

ಅದೇ ಮಾತು, ಅದೇ ಬಾಗಿಲು. ಅವನಿಗೆ ಎಲ್ಲಿಂದ ಶುರು ಮಾಡಿ ಹೇಳಲಿ? ಏನೇನೋ ಹೇಳಿದೆ. ಅವನು ಪಾಪ, ತಲೆಯಾಡಿಸಿದ.

ಈಗ ಮಂಚದ ಮೇಲೆ ಕೂತು ಒಂದು ಚೀಲದೊಳಗೆ ಕೈ ತೂರಿಸಿದ್ದೇನೆ. ತೂತಿನಲ್ಲಿ ನನ್ನ ಅಂಗೈ ಕಾಣುತ್ತಿದೆ. ತೇಪೆ ಹಾಕಿಡೋಣ ಅಂತ ಸೂಜಿಗೆ ದಾರ ಪೋಣಿಸಿಕೊಂಡೆ... ಯಾರಿಗೆ ಅಂತ ಹಾಕಲಿ, ಅಕ್ಕ?